ಬೆಂಚು ಹಾಕಿ ಊಟಕ್ಕೆ ಕೂರಿಸಲಾ, ಇನ್ನೂ ಪಾರ್ಸೆಲ್ ಮಾತ್ರ ಕೊಡಲಾ? ಧಾರವಾಡದ ಖಾನಾವಳಿಯವಳ ಪ್ರಶ್ನೆ

ಸಪ್ತಾಪುರ ಖಾನಾವಳಿ (ಪ್ರಶ್ನೆ ಕೇಳಿದವರು)
20 ಜೂನ್ 2021, ಭಾನುವಾರ ಸಂಜೆ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಸಪ್ತಾಪುರದಲ್ಲಿ ಖಾನಾವಳಿ ನಡೆಸುತ್ತೇನೆ. ಹನ್ನೊಂದು ವರ್ಷ ಆಯಿತು. ರೊಟ್ಟಿ, ಎರಡು ಪಲ್ಯ, ಹಸಿ ತರಕಾರಿ, ಶೇಂಗಾ ಹಿಂಡಿ, ಅನ್ನ, ಸಾರು. ಇಷ್ಟೇ ನನ್ನ ಊಟ.

ನಿನ್ನೆ ಕೊರೊನಾ ಲಾಕ್‌ಡೌನ್ ಸಡಿಲಿಸುವ ಸರ್ಕಾರದ ಹೊಸ ಪಟ್ಟಿ ಬಂತು. ಪಾಸಿಟಿವಿಟಿ (ಟೆಸ್ಟ್ ಮಾಡಿದವರಲ್ಲಿ ಸೋಂಕು ಕಂಡವರ ಪ್ರಮಾಣ) ಶೇ. 5ಕ್ಕಿಂತ ಕಡಿಮೆ ಇರುವ 16 ಜಿಲ್ಲೆಗಳಲ್ಲಿ ನಾಳೆಯಿಂದ ಅರ್ಧ ಸೀಟಿಗೆ ಜನರನ್ನು ಕೂರಿಸಿ ಸಂಜೆ 5ರವರೆಗೆ ಊಟ ಹಾಕಬಹುದು. ಗದಗ ಆ ಪಟ್ಟಿಯಲ್ಲಿದೆ. ಹಾವೇರಿಯೂ ಇದೆ. ಧಾರವಾಡ ಇಲ್ಲ. ಗದಗದಲ್ಲಿ ನನ್ನ ತಂಗಿಯ ಗಂಡನದೊಂದು ಸಣ್ಣ ಹೋಟೆಲ್ ಇದೆ. ಅವರು ಇವತ್ತು ಬೆಂಚು ತೊಳೆದು ಬಿಸಿಲಿಗೆ ಹಾಕಿದ್ದಾರೆ. ನನ್ನ ಬೆಂಚುಗಳು ಏಪ್ರಿಲ್ 27ರಿಂದ ಒಂದರ ಮೇಲೊಂದು ಬಿದ್ದುಕೊಂಡಿವೆ.

ಇವತ್ತಲ್ಲ ನಾಳೆ ನಮಗೂ ಅನುಮತಿ ಬರುತ್ತದೆ. ನನ್ನ ಪ್ರಶ್ನೆ ಅದಲ್ಲ. ಅನುಮತಿ ಬಂದ ದಿನವೇ ನಾನು ತೆರೆಯಬೇಕಾ? ತೆರೆಯದಿದ್ದರೆ ನನ್ನ ಹತ್ತಿರ ಕೆಲಸ ಮಾಡುವವರ ಹೊಟ್ಟೆಗೆ ಏನು? ಇದನ್ನು ಮನೆಯಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಪರಿಸ್ಥಿತಿ ಹೇಳಿಬಿಡುತ್ತೇನೆ. 2020ರ ಮಾರ್ಚ್‌ಗೆ ಮೊದಲು ನನ್ನಲ್ಲಿ 130 ಜನ ತಿಂಗಳ ಮೆಂಬರ್ ಇದ್ದರು. ಬಹುತೇಕ ಎಫ್‌ಡಿಎ, ಪಿಎಸ್‌ಐ ಥರದ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವ ಹುಡುಗರು. ಬಾಗಲಕೋಟೆ, ಕೊಪ್ಪಳ, ರಾಯಚೂರು ಕಡೆಯವರು. ಲಾಕ್‌ಡೌನ್ ಅಂದ ಕೂಡಲೇ ಬ್ಯಾಗ್ ಹಿಡಿದು ಊರಿಗೆ ಹೋದರು. ಆ ವರ್ಷ ಜುಲೈನಲ್ಲಿ ನಮ್ಮ ಜಿಲ್ಲೆಗೇ ಮತ್ತೊಮ್ಮೆ ಬೀಗ ಹಾಕಿದರು. ಈ ವರ್ಷ ಜನವರಿಗೆ ಅರವತ್ತು ಜನ ವಾಪಸ್ ಬಂದಿದ್ದರು. ಏಪ್ರಿಲ್‌ನಲ್ಲಿ ಮತ್ತೆ ಖಾಲಿ. ಈಗ ಸುತ್ತಲಿನ ರೂಮುಗಳೆಲ್ಲ ಟು-ಲೆಟ್ ಬೋರ್ಡ್.

ಮೇ ತಿಂಗಳಲ್ಲಿ ಬೆಳಗ್ಗೆ 6ರಿಂದ 10 ಮಾತ್ರ ಪಾರ್ಸೆಲ್ ಅಂದರು. ಬೆಳಗ್ಗೆ ಹತ್ತಕ್ಕೆ ರೊಟ್ಟಿ ಊಟ ಯಾರು ಒಯ್ಯುತ್ತಾರೆ ಹೇಳಿ? ಜೂನ್ 14ರಿಂದ ಮಧ್ಯಾಹ್ನ 2ರವರೆಗೆ ಆಯಿತು. ಈಗ ದಿನಕ್ಕೆ ಅರವತ್ತು ಪಾರ್ಸೆಲ್ ಹೋಗುತ್ತವೆ, ಒಂದಕ್ಕೆ 60 ರೂಪಾಯಿ. ಕಟ್ಟಡದ ಬಾಡಿಗೆ ತಿಂಗಳಿಗೆ 18 ಸಾವಿರ. ಮಾಲೀಕರು ಎರಡು ತಿಂಗಳು ಅರ್ಧ ತೆಗೆದುಕೊಂಡರು. ಅವರಿಗೂ ಆ ಬಾಡಿಗೆಯೇ ಜೀವನ. ಇನ್ನು ಕೇಳಲು ನನಗೆ ಬಾಯಿ ಬರುವುದಿಲ್ಲ.

ರೊಟ್ಟಿ ಬಡಿಯುವವರು ನಾಲ್ಕು ಜನ. ದಿನದ ಕೂಲಿ 350. ಈಗ ಅರ್ಧ ಕೊಡುತ್ತಿದ್ದೇನೆ. ಒಬ್ಬರಿಗೆ 58 ವರ್ಷ, ಶುಗರ್ ಇದೆ. ಇಬ್ಬರು ಮೂವತ್ತರ ಆಸುಪಾಸಿನವರು, ಇನ್ನೂ ಒಂದು ಡೋಸ್ ಕೂಡ ಆಗಿಲ್ಲ. ನಾನು ಮತ್ತು ಹಿರಿಯವರು ಏಪ್ರಿಲ್ 12ಕ್ಕೆ ಕೋವಿಶೀಲ್ಡ್ ಲಸಿಕೆಯ ಮೊದಲ ಡೋಸ್ ಹಾಕಿಸಿಕೊಂಡೆವು. ನಾಲ್ಕನೆಯವಳ ಗಂಡ ಆಟೋ ಓಡಿಸುತ್ತಿದ್ದ. ಮೇ ಎರಡನೇ ವಾರ ತೀರಿಹೋದ. ಒಂದು ರಾತ್ರಿಯಿಡೀ ಆಕ್ಸಿಜನ್ ಬೆಡ್ ಹುಡುಕಿದ್ದೆವು. ಬೆಳಗಿನ ಜಾವ ಸಿಕ್ಕಿತು, ಆಗಲೇ ತಡ ಆಗಿತ್ತು. ಅವಳೇ ಮೊನ್ನೆ ಫೋನ್ ಮಾಡಿದಳು. "ಅಕ್ಕಾರ, ಮನ್ಯಾಗ ಕುಂತ್ರ ಹುಚ್ಚ ಹಿಡಿದಂಗ ಆಗ್ತೈತ್ರಿ. ಕೆಲಸಕ್ಕ ಬರ್ತೀನ್ರಿ" ಅಂದಳು. ಅವಳ ಎದುರು ನಾನು ಬೇಡ ಅನ್ನಲಾ, ಬಾ ಅನ್ನಲಾ?

ನಮ್ಮ ಒಲೆ ಕೋಣೆ ಸಣ್ಣದು. ನಾಲ್ಕೂ ಜನ ಸಾಲಾಗಿ ಕೂರುತ್ತಾರೆ. ಹಂಚಿನ ಝಳಕ್ಕೆ ಮಾಸ್ಕ್ ನಿಲ್ಲುವುದಿಲ್ಲ. ಮಳೆ ಶುರುವಾದ ಮೇಲೆ ಇರುವ ಒಂದು ಕಿಟಕಿಯನ್ನೂ ಮುಚ್ಚುತ್ತೇವೆ. ಊಟದ ಹಾಲ್ ಮಾತ್ರ ದೊಡ್ಡದು, 48 ಜನ ಕೂರಬಹುದು. ಅರ್ಧ ಅಂದರೆ 24. ಇಷ್ಟು ಜಾಗ ಬಿಟ್ಟು ಕೂರಿಸಿದರೆ ಸಾಕಾಗುತ್ತದಾ? ತಿಳಿದವರು ಹೇಳಿ. ಸಿಟ್ಟಿನಿಂದ ಬೇಡ, ತಿಳಿಸಿ ಹೇಳಿ.

---

ಬೆಟಗೇರಿ ಪ್ರೆಸ್
20 ಜೂನ್, ರಾತ್ರಿ

ಅಕ್ಕಾರೇ, ತೆರೆಯಿರಿ. ಅನುಮತಿ ಬಂದ ದಿನವೇ ತೆರೆಯಿರಿ.

ನಂದು ಗದಗದಲ್ಲಿ ಪ್ರಿಂಟಿಂಗ್ ಪ್ರೆಸ್. ನಮ್ಮೂರಲ್ಲಿ ಪ್ರೆಸ್ ಎಷ್ಟಿವೆ ಅಂತ ನಿಮಗೆ ಗೊತ್ತೇ ಇದೆ. ಏಪ್ರಿಲ್, ಮೇ ನಮಗೆ ವರ್ಷದ ದುಡಿಮೆ. ಮದುವೆಗೆ 40 ಜನ ಮಾತ್ರ ಅಂದರು. ನಲವತ್ತು ಜನಕ್ಕೆ ಲಗ್ನಪತ್ರಿಕೆ ಯಾರು ಹಾಕಿಸುತ್ತಾರೆ? ಎಲ್ಲ ವಾಟ್ಸಾಪ್‌ನಲ್ಲೇ ಮುಗಿಯಿತು. ಎರಡು ವರ್ಷ ಹೀಗೇ ಹೋಯಿತು. ನನ್ನ ಹತ್ತಿರ ಒಂಬತ್ತು ವರ್ಷ ಆಫ್‌ಸೆಟ್ ಮಷಿನ್ ನಡೆಸಿದ ಹುಡುಗ ಈಗ ಗೋಡೆಗೆ ಬಣ್ಣ ಹಚ್ಚುವ ಕೆಲಸಕ್ಕೆ ಹೋಗುತ್ತಾನೆ. ಅವನ ಕೈ ಕೆಲಸ ನೋಡಿದವರಿಗೆ ಮಾತ್ರ ಗೊತ್ತು ಇದು ಎಂಥ ನಷ್ಟ ಅಂತ.

ಕಳೆದ ವರ್ಷ ರಿಸರ್ವ್ ಬ್ಯಾಂಕ್ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತಿಗೆ ಬಿಡುವು ಕೊಟ್ಟಿತ್ತು. ಬಡ್ಡಿ ಮಾತ್ರ ಓಡುತ್ತಲೇ ಇತ್ತು. ಈ ವರ್ಷ ಹಾಗೆ ಎಲ್ಲರಿಗೂ ಬಿಡುವು ಇಲ್ಲ. ಮಷಿನ್ ನಿಂತಿದೆ, ಕಂತು ನಿಂತಿಲ್ಲ. ಏಪ್ರಿಲ್ 17ಕ್ಕೆ ಬೆಳಗಾವಿ, ಮಸ್ಕಿ, ಬಸವಕಲ್ಯಾಣದಲ್ಲಿ ಉಪಚುನಾವಣೆ ನಡೆಯಿತು. ಪ್ರಚಾರಕ್ಕೆ ಜನ ಸೇರಿಸಿದರು. ಹತ್ತು ದಿನದಲ್ಲಿ ನಮ್ಮ ಅಂಗಡಿಗೆ ಬೀಗ ಬಿತ್ತು. ಈ ನೋವು ನನಗೆ ಹೋಗುವುದಿಲ್ಲ.

ರೋಗ ಸುಳ್ಳು ಅಂತ ನಾನು ಹೇಳುತ್ತಿಲ್ಲ. ನಮ್ಮ ಓಣಿಯಲ್ಲೂ ಮೂವರು ಹೋದರು. ಆದರೆ ಬಂದ್ ಅನ್ನುವುದು ಸಂಬಳ ಬರುವವರಿಗೆ ಒಂದು ಥರ, ದಿನಗೂಲಿಯವರಿಗೆ ಇನ್ನೊಂದು ಥರ. ಮುಚ್ಚಿ ಅನ್ನುವವರು ಅಷ್ಟು ದಿನದ ಕೂಲಿಯನ್ನೂ ಕೊಡಬೇಕು. ಇಲ್ಲದಿದ್ದರೆ ಮುಚ್ಚಿ ಅನ್ನುವ ಹಕ್ಕು ಅರ್ಧವೇ ಇರುತ್ತದೆ.

---

ಹುಬ್ಬಳ್ಳಿ ನರ್ಸ್
21 ಜೂನ್, ಬೆಳಗಿನ ಜಾವ

ಅಕ್ಕಾ, ರಾತ್ರಿ ಪಾಳಿ ಮುಗಿಸಿ ಬರೆಯುತ್ತಿದ್ದೇನೆ. ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಕೋವಿಡ್ ವಾರ್ಡಿನಲ್ಲಿದ್ದೇನೆ. ನಿಮ್ಮ ಆ ರಾತ್ರಿಯ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮೇ ತಿಂಗಳಲ್ಲಿ ಅಂಥ ಫೋನ್ ನಮಗೂ ದಿನಾ ಬರುತ್ತಿದ್ದವು.

ಪ್ರೆಸ್ ಅಣ್ಣಾ, ಕೂಲಿ ಕೊಡಬೇಕು ಅನ್ನುವ ನಿಮ್ಮ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಬಂದ್ ಮಾಡುವುದರಿಂದ ರೋಗ ಹೋಗುವುದಿಲ್ಲ. ನಮಗೆ ಸ್ವಲ್ಪ ದಿನ ಸಿಗುತ್ತದೆ, ಅಷ್ಟೇ. ಆ ದಿನಗಳಲ್ಲಿ ಬೆಡ್ ಜೋಡಿಸಬೇಕು, ಆಕ್ಸಿಜನ್ ಲೈನ್ ಹಾಕಬೇಕು, ಲಸಿಕೆ ಕೊಡಬೇಕು. ಏಪ್ರಿಲ್ ಕೊನೆಯಲ್ಲಿ ಬಂದ್ ಆಗದಿದ್ದರೆ ನಮ್ಮ ವಾರ್ಡ್ ನಡೆಯುತ್ತಿರಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಜೂನ್ ಮೊದಲ ವಾರದಲ್ಲಿ ಮೊದಲ ಸಲ ಒಂದು ಬೆಡ್ ಖಾಲಿ ಕಂಡೆ. ಅದಕ್ಕೆ ಹೊಸ ಬೆಡ್‌ಶೀಟ್ ಹಾಸಿ ಸುಮ್ನೆ ನಿಂತಿದ್ದೆವು.

ಈಗ ಆ ಶೇ. 5ರ ಲೆಕ್ಕ. ನೂರು ಜನಕ್ಕೆ ಟೆಸ್ಟ್ ಮಾಡಿದರೆ ಐವರಿಗಿಂತ ಕಡಿಮೆ ಜನಕ್ಕೆ ಪಾಸಿಟಿವ್ ಬರಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲಿ ಹೇಳಿದ್ದು ಇಷ್ಟೇ ಅಲ್ಲ. ಕನಿಷ್ಠ ಎರಡು ವಾರ ಹಾಗೇ ಉಳಿಯಬೇಕು ಅಂದಿತ್ತು. ಇದಕ್ಕೆ ಕಾರಣ ಇದೆ. ಸೋಂಕು ತಗುಲಿ ಜ್ವರ, ಕೆಮ್ಮು ಕಾಣಲು ಸರಾಸರಿ 5-6 ದಿನ ಬೇಕು, ಕೆಲವರಿಗೆ 14 ದಿನ. ಲಕ್ಷಣ ಕಾಣುವ ಎರಡು ದಿನ ಮೊದಲೇ ಇನ್ನೊಬ್ಬರಿಗೆ ಹರಡುತ್ತದೆ. ಉಸಿರು ಕಷ್ಟವಾಗಿ ಆಸ್ಪತ್ರೆಗೆ ಬರುವಷ್ಟರಲ್ಲಿ ಇನ್ನೊಂದು ವಾರ. ಹಾಗಾಗಿ ಇವತ್ತು ಟಿವಿಯಲ್ಲಿ ಕಾಣುವ ಅಂಕಿ ಹಳೆಯ ಸುದ್ದಿ. ಇವತ್ತು ತೆರೆದದ್ದರ ಪರಿಣಾಮ ನಮ್ಮ ವಾರ್ಡಿಗೆ ಜುಲೈನಲ್ಲಿ ಬರುತ್ತದೆ. ಅಲ್ಲದೆ ಟೆಸ್ಟ್ ಯಾರಿಗೆ ಮಾಡಿದರು ಅನ್ನುವುದರ ಮೇಲೂ ಆ ಅಂಕಿ ಏರಿಳಿಯುತ್ತದೆ. ಗದಗ ಒಳಗೆ, ಧಾರವಾಡ ಹೊರಗೆ ಅಂದರೆ ಗದಗದಲ್ಲಿ ರೋಗ ಇಲ್ಲ ಅಂತ ಅಲ್ಲ.

ಇನ್ನು ನಿಮ್ಮ ಪ್ರಶ್ನೆ. ನೀವು ಹಾಲ್ ಬಗ್ಗೆ ಕೇಳಿದ್ದೀರಿ. ನನಗೆ ಹೆದರಿಕೆ ಆಗಿದ್ದು ಒಲೆ ಕೋಣೆ ಬಗ್ಗೆ.

ಅಕ್ಕಾ, ಊಟಕ್ಕೆ ಬಂದವನು ಇಪ್ಪತ್ತು ನಿಮಿಷ ಕೂತು ಹೋಗುತ್ತಾನೆ. ಅದೂ ಪೂರ್ತಿ ಸುರಕ್ಷಿತ ಅಲ್ಲ, ಉಣ್ಣುವಾಗ ಮಾಸ್ಕ್ ಇರುವುದಿಲ್ಲ. ಆದರೆ ರೊಟ್ಟಿ ಬಡಿಯುವವರು ನಾಲ್ಕೈದು ತಾಸು ಒಂದೇ ಕೋಣೆಯಲ್ಲಿ, ಭುಜಕ್ಕೆ ಭುಜ ತಾಗಿಸಿ, ಮಾಸ್ಕ್ ಇಲ್ಲದೆ, ಕಿಟಕಿ ಮುಚ್ಚಿಕೊಂಡು ಕೂರುತ್ತಾರೆ. ಈ ವೈರಸ್ ಗಾಳಿಯಲ್ಲಿ ಹೊಗೆಯ ಹಾಗೆ ನಿಲ್ಲುತ್ತದೆ. ಒಲೆಯ ಹೊಗೆ ಹೊರಗೆ ಹೋಗದ ಕೋಣೆಯಿಂದ ಅದೂ ಹೋಗುವುದಿಲ್ಲ. ಪಾರ್ಸೆಲ್ ಮಾತ್ರ ಕೊಟ್ಟರೂ ಆ ಕೋಣೆ ಹಾಗೇ ಇರುತ್ತದಲ್ವಾ? ನಾಲ್ವರಲ್ಲಿ ಒಬ್ಬರಿಗೆ ಬಂದರೆ ನಾಲ್ವರಿಗೂ ಬರಬಹುದು. ಶುಗರ್ ಇರುವ ಹಿರಿಯರು ಅಲ್ಲೇ ಇದ್ದಾರೆ.

ಒಂದು ಡೋಸ್ ಆಗಿದೆ ಅಂತ ಧೈರ್ಯ ಬೇಡ. ಈಗ ಹರಡುತ್ತಿರುವುದು ಡೆಲ್ಟಾ ಅನ್ನುವ ರೂಪಾಂತರಿ ವೈರಸ್. ಅದರ ಬಗ್ಗೆ ಇಂಗ್ಲೆಂಡಿನಲ್ಲಿ ಮೇ ತಿಂಗಳಲ್ಲಿ ಲೆಕ್ಕ ಹಾಕಿದ್ದಾರೆ. ಒಂದು ಡೋಸ್‌ನಿಂದ ಕಾಯಿಲೆ ಬೀಳದಂತೆ ಸಿಗುವ ರಕ್ಷಣೆ ಸುಮಾರು ಶೇ. 33. ನಮ್ಮ ಕೋವಿಶೀಲ್ಡ್ ಥರದ ಲಸಿಕೆ ಎರಡು ಡೋಸ್ ಆದರೆ ಸುಮಾರು ಶೇ. 60. ನಿಮ್ಮದು ಏಪ್ರಿಲ್ 12 ಅಂದರೆ ಎರಡನೇ ಡೋಸ್‌ಗೆ ಬೇಕಾದ 12 ವಾರ ತುಂಬುವುದು ಜುಲೈ 5ಕ್ಕೆ. ರಕ್ಷಣೆ ಬರಲು ಅದರ ಮೇಲೆ ಎರಡು ವಾರ ಹಿಡಿಯಿರಿ. ಚಿಕ್ಕವರಿಬ್ಬರಿಗೂ ದಾರಿ ಇದೆ. ಇವತ್ತಿನಿಂದ 18 ದಾಟಿದ ಎಲ್ಲರಿಗೂ ಕೇಂದ್ರದಿಂದ ಉಚಿತ ಲಸಿಕೆ. ಮೊದಲ ದಿನಗಳಲ್ಲಿ ಸಾಲು ಇರುತ್ತದೆ. ಆ ದಿನದ ಕೂಲಿ ಕಡಿಯದೆ ನೀವೇ ಕರೆದುಕೊಂಡು ಹೋಗಿ.

ಒಲೆಗಳನ್ನು ಹಿತ್ತಲಿಗೆ ಹಾಕಲು ಆಗುತ್ತದಾ? ಮೇಲೆ ತಗಡು, ಮೂರು ಕಡೆ ಬಯಲು. ಇದು ಹಾಲ್‌ನಲ್ಲಿ ಸೀಟು ಎಣಿಸುವುದಕ್ಕಿಂತ ದೊಡ್ಡ ಕೆಲಸ.

---

ಹಾವೇರಿ ಮೇಷ್ಟ್ರು
21 ಜೂನ್, ಮಧ್ಯಾಹ್ನ

ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಒಂದೇ ವಿಷಯ ಸೇರಿಸುತ್ತೇನೆ.

ಸರ್ಕಾರ ಬಾಗಿಲು ತೆಗೆದ ಮಾತ್ರಕ್ಕೆ ಗಿರಾಕಿ ಬರುವುದಿಲ್ಲ. ಅಮೆರಿಕದಲ್ಲಿ ಗೂಲ್ಸ್‌ಬಿ ಮತ್ತು ಸಿವರ್ಸನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2020ರಲ್ಲಿ ಫೋನ್‌ಗಳ ಓಡಾಟದ ಲೆಕ್ಕ ತೆಗೆದರು. ಗಡಿಯ ಒಂದು ಕಡೆ ಬಂದ್, ಇನ್ನೊಂದು ಕಡೆ ಬಂದ್ ಇಲ್ಲದ ಊರುಗಳನ್ನು ಹೋಲಿಸಿದರು. ಅಂಗಡಿಗಳಿಗೆ ಜನ ಬರುವುದು ಶೇಕಡಾ ಲೆಕ್ಕದಲ್ಲಿ 60 ಪಾಯಿಂಟ್ ಇಳಿದಿತ್ತು. ಅದರಲ್ಲಿ ಸರ್ಕಾರದ ಆದೇಶದಿಂದ ಇಳಿದದ್ದು ಬರೀ 7. ಉಳಿದದ್ದು ಜನ ತಾವೇ ಹೆದರಿ ಮನೆಯಲ್ಲಿ ಉಳಿದದ್ದು. ನಮ್ಮ ದೇಶದ ಲೆಕ್ಕ ಬೇರೆ ಇರಬಹುದು. ನಮ್ಮ ಲಾಕ್‌ಡೌನ್ ಹೆಚ್ಚು ಬಿಗಿ ಇತ್ತು. 2020ರ ಏಪ್ರಿಲ್-ಜೂನ್‌ನಲ್ಲಿ ಮೊದಲ ಅಂದಾಜಿನ ಪ್ರಕಾರ ಜಿಡಿಪಿ ಶೇ. 23.9 ಕುಸಿಯಿತು. ಆದರೂ ಕಳೆದ ವರ್ಷ ಜೂನ್ 8ಕ್ಕೆ ಹೋಟೆಲ್ ತೆರೆದಾಗ ಹಾವೇರಿಯಲ್ಲಿ ನಾನು ಕಂಡದ್ದೂ ಅದೇ. ಬಾಗಿಲು ತೆರೆದಿತ್ತು, ಬೆಂಚು ಖಾಲಿ ಇತ್ತು.

ಅಕ್ಕಾ, ನಿಮ್ಮ ಗಿರಾಕಿಗಳು ಓದುವ ಹುಡುಗರು. ಅವರ ಕ್ಲಾಸ್ ಶುರುವಾಗದೆ, ರೂಮಿಗೆ ವಾಪಸ್ ಬರದೆ ನಿಮ್ಮ 24 ಸೀಟು ತುಂಬುವುದಿಲ್ಲ. ತೆರೆದರೆ ದಿನಕ್ಕೆ ಎಷ್ಟು ಊಟ ಜಾಸ್ತಿ ಹೋಗುತ್ತದೆ ಅಂತ ಮೊದಲು ಕಾಗದದ ಮೇಲೆ ಬರೆಯಿರಿ. ಆ ದುಡ್ಡು ಬೇರೆ ದಾರಿಯಿಂದ ಬರುತ್ತದಾ ನೋಡಿ. ಖಡಕ್ ರೊಟ್ಟಿ ಬೇಗ ಕೆಡುವುದಿಲ್ಲ. ಅದಕ್ಕೆ ಹಾಲ್ ಬೇಡ, ಸೀಟು ಬೇಡ.

ನಮ್ಮ ಬ್ಯಾಡಗಿಯಲ್ಲೂ ಇಂಥದ್ದೇ ಆಯಿತು. ಕಳೆದ ವರ್ಷ ಮಾರ್ಚ್ ಅಂದರೆ ಮೆಣಸಿನಕಾಯಿ ಮಾರುಕಟ್ಟೆ ತುಂಬಿ ತುಳುಕುವ ಹೊತ್ತು. ಮಾರುಕಟ್ಟೆ ನಿಂತಿತು. ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟವರ ಕಾಯಿ ಉಳಿಯಿತು, ಬೆಲೆಯೂ ಉಳಿಯಿತು. ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೂಲಿಯನ್ನು ಯಾವ ಸ್ಟೋರೇಜ್‌ನಲ್ಲೂ ಇಡಲು ಆಗುವುದಿಲ್ಲ. ಹೋದ ದಿನ ಹೋಯಿತು. ಈ ವರ್ಷ ಸರ್ಕಾರ ಹಮಾಲರಿಗೆ, ಟೇಲರ್‌ಗಳಿಗೆ, ಮನೆಕೆಲಸದವರಿಗೆ 2 ಸಾವಿರ, ಆಟೋದವರಿಗೆ 3 ಸಾವಿರ ಅಂದಿದೆ. ಎರಡು ತಿಂಗಳ ಬಂದ್‌ಗೆ ಅದು ಒಂದು ವಾರದ ದುಡಿಮೆ ಆಗಬಹುದು. ಪ್ರೆಸ್‌ನವರ ಸಿಟ್ಟು ನ್ಯಾಯವಾದದ್ದು.

---

ಮಾಳಮಡ್ಡಿ ಅಜ್ಜ
21 ಜೂನ್, ಸಂಜೆ

ತಂಗಿ, ನನಗೆ 74 ವರ್ಷ. ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ.

ನರ್ಸ್ ತಂಗಿ ಹೇಳಿದ ಬಯಲಿನ ಮಾತು ಓದಿ ನನ್ನ ಅಜ್ಜಿ ನೆನಪಾದಳು. 1898ರಲ್ಲಿ ಹುಬ್ಬಳ್ಳಿ, ಧಾರವಾಡದಲ್ಲಿ ಪ್ಲೇಗ್ ಬಂದಾಗ ಆಕೆ ಸಣ್ಣ ಹುಡುಗಿ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರಿನವರು ಪಾತ್ರೆ, ದನ, ಕೂಸು ಎಲ್ಲ ಕಟ್ಟಿಕೊಂಡು ಹೊಲಕ್ಕೆ ಹೋಗಿ ಗುಡಿಸಲು ಹಾಕುತ್ತಿದ್ದರಂತೆ. ಅಜ್ಜಿ ಹೇಳುತ್ತಿದ್ದಳು, ಗುಡಿಸಲ ಮುಂದೆಯೇ ಬೀಸುಕಲ್ಲು, ಅಲ್ಲೇ ಒಲೆ, ಅಲ್ಲೇ ರೊಟ್ಟಿ. ಅಂದರೆ ಕೆಲಸ ನಿಲ್ಲಲಿಲ್ಲ, ಜಾಗ ಬದಲಾಯಿತು. ಇಲಿಯ ಚಿಗಟದಿಂದ ರೋಗ ಬರುತ್ತದೆ ಅಂತ ಆಗ ಅವರಿಗೆ ಗೊತ್ತಿರಲಿಲ್ಲ. ಆದರೂ ಮನೆ ಬಿಟ್ಟವರು ಬದುಕುತ್ತಾರೆ ಅನ್ನುವುದು ಗೊತ್ತಿತ್ತು.

ಹಾಫ್‌ಕಿನ್ ಎಂಬ ವಿಜ್ಞಾನಿ ಕಂಡುಹಿಡಿದಿದ್ದ ಪ್ಲೇಗ್ ಲಸಿಕೆಯನ್ನು ಅದೇ ವರ್ಷ ನಮ್ಮ ಎರಡೂ ಊರಿನಲ್ಲಿ ಸಾವಿರಾರು ಜನಕ್ಕೆ ಹಾಕಿದರು. ಜ್ವರ ಬರುತ್ತಿತ್ತು, ತೋಳು ಬಾಯುತ್ತಿತ್ತು, ಜನ ಹೆದರುತ್ತಿದ್ದರು. ಆದರೂ ಸಾಲಿನಲ್ಲಿ ನಿಂತರು. ಬಲವಂತದಿಂದ ಮನೆ ಹೊಕ್ಕು ರೋಗಿಗಳನ್ನು ಹುಡುಕುವುದಕ್ಕೆ ದಾರಿ ಮಾಡಿಕೊಟ್ಟ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು 1897ರಲ್ಲಿ ಬ್ರಿಟಿಷರು ಮಾಡಿದ್ದರು. ಕಳೆದ ವರ್ಷ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಮೊದಲು ಕೈಗೆತ್ತಿಕೊಂಡದ್ದೂ ಅದೇ ಕಾಯ್ದೆ. ಅದರಲ್ಲಿ ಮುಚ್ಚುವುದಕ್ಕೆ, ತಡೆಯುವುದಕ್ಕೆ ಅಧಿಕಾರ ಇದೆ. ಮುಚ್ಚಿಸಿಕೊಂಡವರ ಊಟಕ್ಕೆ ಏನಾದರೂ ಕೊಡಲೇಬೇಕು ಅನ್ನುವ ಮಾತು ಇಲ್ಲ. ನಾನು ನಲವತ್ತು ವರ್ಷ ಕೋರ್ಟಿನಲ್ಲಿ ಗುಮಾಸ್ತಿಕೆ ಮಾಡಿದವನು, ಓದಿ ಹೇಳುತ್ತಿದ್ದೇನೆ.

ಗಂಡನನ್ನು ಕಳೆದುಕೊಂಡ ನಿನ್ನ ಆ ನಾಲ್ಕನೆಯ ಕೆಲಸದವಳನ್ನು ಕರೆಸಿಕೋ ತಂಗಿ. ಆಕೆ ಕೂಲಿಗಾಗಿ ಮಾತ್ರ ಕೇಳುತ್ತಿಲ್ಲ.

---

ಸಪ್ತಾಪುರ ಖಾನಾವಳಿ
22 ಜೂನ್, ರಾತ್ರಿ

ಎಲ್ಲರ ಮಾತೂ ಎರಡೆರಡು ಸಲ ಓದಿದೆ. ಇಷ್ಟು ಜನ ನನಗಾಗಿ ಹೊತ್ತು ತೆಗೆದು ಬರೆದಿದ್ದೀರಿ. ಕಣ್ಣು ತುಂಬಿ ಬಂತು.

ಮೇಷ್ಟ್ರು ಹೇಳಿದ ಹಾಗೆ ಕಾಗದದ ಮೇಲೆ ಬರೆದೆ. ಸೀಟು ಹಾಕಿದರೆ ಈಗಿನ ಸ್ಥಿತಿಯಲ್ಲಿ ದಿನಕ್ಕೆ ನಲವತ್ತು ಊಟ ಜಾಸ್ತಿ ಹೋಗಬಹುದು. ಒಂದು ಊಟಕ್ಕೆ ನನಗೆ ಉಳಿಯುವುದು 17 ರೂಪಾಯಿ. ಅಂದರೆ 680. ನಾಲ್ವರಿಗೆ ನಾನು ಕೊಡದೆ ಬಿಟ್ಟಿರುವ ಅರ್ಧ ಕೂಲಿ 700. ನಾನು ತೂಗಿ ನೋಡಬೇಕಾದದ್ದು ಇಷ್ಟೇ ಇತ್ತು, ಮೊದಲು ಕಂಡಿರಲಿಲ್ಲ. ಒಂದು ಕಡೆ ದಿನಕ್ಕೆ 680 ರೂಪಾಯಿ. ಇನ್ನೊಂದು ಕಡೆ ಲಸಿಕೆ ಪೂರ್ತಿ ಆಗದ ಐದು ಹೆಂಗಸರು, ಅವರ ಮನೆಗಳು.

ದಿನಕ್ಕೆ ಖಡಕ್ ರೊಟ್ಟಿ ನೂರು ಹೆಚ್ಚು ಮಾಡಿದರೆ ಮುನ್ನೂರು ರೂಪಾಯಿ ಉಳಿಯುತ್ತದೆ. ಬೆಂಗಳೂರಿನಲ್ಲಿರುವ ನಮ್ಮ ಹಳೆಯ ಮೆಂಬರ್ ಹುಡುಗನೊಬ್ಬ ತನ್ನ ಅಪಾರ್ಟ್‌ಮೆಂಟಿನವರಿಗೆ ಅಂತ ಈಗಲೇ ಇನ್ನೂರು ಕೇಳಿದ್ದಾನೆ. ಪೂರ್ತಿ ಕೂಲಿ ಕೊಡಲು ಬೇಕಾದ ಉಳಿದ ನಾನೂರು ನನ್ನ ಕೈಯಿಂದ ಹಾಕುತ್ತೇನೆ. ಒಂದು ತಿಂಗಳು ಹಾಕಬಲ್ಲೆ. ಎರಡು ತಿಂಗಳು ಆಗುವುದಿಲ್ಲ, ಸುಳ್ಳು ಹೇಳುವುದಿಲ್ಲ. ಜುಲೈ 19ರವರೆಗೆ ಅನುಮತಿ ಬಂದರೂ ಬೆಂಚು ಹಾಕುವುದಿಲ್ಲ. ಆಮೇಲೆ ಹಾಕುತ್ತೇನೆ, ಎರಡೂ ಬಾಗಿಲು ತೆಗೆದಿಟ್ಟು.

ಪ್ರೆಸ್ ಅಣ್ಣಾ, ನಿಮ್ಮ ಮಾತು ತೆಗೆದುಹಾಕಿದೆ ಅಂದುಕೊಳ್ಳಬೇಡಿ. ಖಡಕ್ ರೊಟ್ಟಿ ಪ್ಯಾಕೆಟ್‌ಗೆ ಲೇಬಲ್ ಬೇಕು. 500 ಸಾಕು ಸದ್ಯಕ್ಕೆ. ನೀವೇ ಮಾಡಿಕೊಡಿ, ರೇಟು ಹೇಳಿ. ಆ ಹುಡುಗ ಒಂದು ದಿನಕ್ಕಾದರೂ ಮಷಿನ್ ಮೇಲೆ ನಿಲ್ಲಲಿ.

ನರ್ಸ್ ತಂಗಿ, ಇವತ್ತು ಬೆಳಗ್ಗೆ ಚಿಕ್ಕವರಿಬ್ಬರನ್ನು ಕರೆದುಕೊಂಡು ಹೋಗಿದ್ದೆ. ಒಬ್ಬಳಿಗೆ ಆಯಿತು. ಇನ್ನೊಬ್ಬಳ ಸರದಿ ಬರುವಷ್ಟರಲ್ಲಿ ಲಸಿಕೆ ಮುಗಿಯಿತು. ಗುರುವಾರ ಮತ್ತೆ ಹೋಗುತ್ತೇವೆ. ಹಿತ್ತಲಲ್ಲಿ ಜಾಗ ಇದೆ, ನೀರಿನ ಡ್ರಮ್ಮು ಸರಿಸಿದರೆ ಮೂರು ಒಲೆ ಕೂರುತ್ತವೆ. ನಾಲ್ಕನೆಯದು ಬಾಗಿಲ ಹತ್ತಿರ. ಧಾರವಾಡದ ಮಳೆ ಅಡ್ಡ ಹೊಡೆಯುತ್ತದೆ, ಪಡುವಣ ಕಡೆ ತಾಡಪಾಲು ಕಟ್ಟಿದರೆ ಗಾಳಿಗೆ ಅಡ್ಡಿ ಆಗುತ್ತದಾ? ಇದೊಂದು ಹೇಳಿ. ತಗಡಿನವನು ನಾಳೆ ಒಂಬತ್ತಕ್ಕೆ ಬರುತ್ತಾನೆ.

ಅಜ್ಜಾರೇ, ಅವಳು ಇವತ್ತೇ ಬಂದಿದ್ದಳು. ಒಲೆ ಮುಂದೆ ಕೂರಿಸಲಿಲ್ಲ. ಹಾಲ್‌ನಲ್ಲಿ ಕಿಟಕಿ ಪಕ್ಕ ಕೂತು ಶೇಂಗಾ ಹಸನು ಮಾಡಿದಳು. ಹೋಗುವಾಗ "ನಾಳಿ ಎಷ್ಟೊತ್ತಿಗಿ ಬರ್ಲ್ರಿ ಅಕ್ಕಾರ" ಅಂತ ಕೇಳಿದಳು. ಎಂಟಕ್ಕೆ ಬಾ ಅಂದೆ.